ಒಂದೇ ಪಿನ್, ಒಂದೇ ಸಲ: ಸ್ಮಾರ್ಟ್ ಕಾರ್ಡ್ ವಿಪಿಎನ್ ಜೊತೆ ನನ್ನ ಎರಡು ವರ್ಷ

"ಸಾರ್, ಏನೋ ಕೆಟ್ಟಿದೆ ಅನ್ಸುತ್ತೆ. ಇವತ್ತು ಪಿನ್ ಒಂದೇ ಸಲ ಕೇಳ್ತು."

ಶಿರಸಿ ಹತ್ತಿರದ ಹಳ್ಳಿಯಿಂದ ಕೆಲಸ ಮಾಡುವ ನಮ್ಮ ಡಿಸೈನ್ ವಿಭಾಗದ ಹುಡುಗ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿ ಹೀಗಂದ. ಪಾಪ, ದಿನಾ ಮೂರು ಸಲ ಪಿನ್ ಒತ್ತಿ ಅವನಿಗೆ ಅದೇ ಸರಿ ಅನ್ನಿಸಿಬಿಟ್ಟಿತ್ತು. ಫೈಲ್ ಸರ್ವರ್ ತೆಗೆದು ನೋಡು ಅಂದೆ. ತೆರೆಯಿತು. ಕಂಪನಿಯ ಲೆಕ್ಕ-ವ್ಯವಹಾರದ ಸಾಫ್ಟ್‌ವೇರ್ ಇಆರ್‌ಪಿ ತೆಗಿ ಅಂದೆ. ಪಾಸ್‌ವರ್ಡ್ ಕೇಳದೆ ಅದೂ ತೆರೆಯಿತು. "ಕೆಟ್ಟಿಲ್ಲಪ್ಪ, ಈಗ ಸರಿಯಾಗಿದೆ" ಅಂತ ಹೇಳಿ ಫೋನ್ ಇಟ್ಟು, ಕ್ಯಾಂಟೀನ್‌ಗೆ ಹೋಗಿ ಒಂದರ ಮೇಲೊಂದು ಎರಡು ಕಾಫಿ ಕುಡಿದೆ.

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಐಟಿ ನನ್ನ ತಲೆಮೇಲಿದೆ. ಲ್ಯಾಪ್‌ಟಾಪ್ ಸುಮಾರು 160, ಅದರಲ್ಲಿ ಅರ್ಧ ಊರ ಹೊರಗೆ. ಲಾಕ್‌ಡೌನ್ ಹೊತ್ತಿನಲ್ಲಿ ಮನೆಯಿಂದ ಆಫೀಸಿನ ನೆಟ್‌ವರ್ಕ್‌ಗೆ ಬರುವ ಸುರಕ್ಷಿತ ಸುರಂಗ, ಅಂದರೆ ವಿಪಿಎನ್, ಅವಸರಕ್ಕೆ ಪಾಸ್‌ವರ್ಡ್ ಇಟ್ಟು ಕಟ್ಟಿದ್ದೆವು, ಆಮೇಲೆ ಅದಕ್ಕೆ ಎಸ್‌ಎಂಎಸ್ ಒಟಿಪಿ ಅಂಟಿಸಿದೆವು. ಮಲೆನಾಡಿನ ಮನೆಗಳಲ್ಲಿ ಒಟಿಪಿ ಬರಬೇಕಾದರೆ ಮಾಳಿಗೆ ಹತ್ತಬೇಕು. ಹತ್ತಿ ಇಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಇಷ್ಟರಲ್ಲಿ ಒಬ್ಬ ದೊಡ್ಡ ಗ್ರಾಹಕರ ಆಡಿಟ್ ಬಂತು. ಎಸ್‌ಎಂಎಸ್ ಸಾಲದು ಅಂದರು. 2023ರ ಮಾತು.

ನಾನು ಸ್ಮಾರ್ಟ್ ಕಾರ್ಡ್ ಅಂದೆ, ಅಂದರೆ ಚಿಪ್ಪಿನಲ್ಲಿ ಒಬ್ಬೊಬ್ಬರ ಡಿಜಿಟಲ್ ಗುರುತುಪತ್ರ (ಸರ್ಟಿಫಿಕೇಟ್) ಇರುವ, ರೀಡರ್‌ಗೆ ಹಾಕಿ ಪಿನ್ ಒತ್ತುವ ಕಾರ್ಡು. ಎಲ್ಲರೂ ನಕ್ಕರು. ನಮ್ಮ ಕನ್ಸಲ್ಟೆಂಟ್ "ಇದು ಹಳೇ ಕಾಲದ್ದು, ಯಾರೂ ಮಾಡಲ್ಲ" ಅಂದ. ಮಂಗಳೂರಿನ ಗೆಳೆಯ "ಫಿಡೋ ಕೀ ಹಾಕು ಮಾರಾಯ" ಅಂದ. ಫಿಡೋ ಅಂದರೆ ಪಾಸ್‌ವರ್ಡ್ ಬದಲು ಯುಎಸ್‌ಬಿಗೆ ಚುಚ್ಚುವ ಕೀಲಿ. ಹಾಕಬಹುದಿತ್ತು, ಆದರೆ ನಮ್ಮ ಆಕ್ಟಿವ್ ಡೈರೆಕ್ಟರಿ (ಎಲ್ಲರ ವಿಂಡೋಸ್ ಖಾತೆಗಳ ದಫ್ತರ) ಪೂರ್ತಿ ನಮ್ಮ ಸರ್ವರ್‌ಗಳ ಒಳಗೇ ಇದೆ, ಕ್ಲೌಡ್ ಇಲ್ಲ. ಕ್ಲೌಡ್ ಇಲ್ಲದೆ ಫಿಡೋ ಕೀ ಇಟ್ಟು ವಿಂಡೋಸ್ ಡೊಮೇನ್ ಲಾಗಿನ್ ಆಗುವುದಿಲ್ಲ. ಫೈನಾನ್ಸ್ ಮ್ಯಾನೇಜರ್ ಮಾತ್ರ ನೇರ ವಿಷಯಕ್ಕೆ ಬಂದರು: "ಎಷ್ಟಾಗುತ್ತೆ ಹೇಳಿ."

ಹೊರಗಿನವರ ಕೊಟೇಶನ್ ಮೂರು ವರ್ಷಕ್ಕೆ 18 ಲಕ್ಷದ ಹತ್ತಿರ ಇತ್ತು. ನನ್ನ ಲೆಕ್ಕ: ಕಾರ್ಡ್ ಸುಮಾರು 650 ರೂಪಾಯಿ, ರೀಡರ್ ಸುಮಾರು 1,100. ಸರ್ಟಿಫಿಕೇಟ್ ಕೊಡುವ ಸರ್ವರ್, ಯಾರನ್ನು ಒಳಬಿಡಬೇಕು ಅಂತ ನೋಡುವ ಎನ್‌ಪಿಎಸ್, ವಿಪಿಎನ್ ನಡೆಸುವ ಆರ್‌ಆರ್‌ಎಎಸ್ ಎಲ್ಲ ಇರುವ ವಿಂಡೋಸ್ ಲೈಸೆನ್ಸ್‌ನಲ್ಲೇ. ಮೂರು ಲಕ್ಷದೊಳಗೆ ಮುಗಿಸ್ತೀನಿ ಅಂದೆ. ಮುಗಿಯಲಿಲ್ಲ, ನಾಲ್ಕೂವರೆ ಆಯಿತು. ಆ ಒಂದೂವರೆ ಲಕ್ಷ ಹೋದದ್ದೆಲ್ಲ ನನ್ನ ಬುದ್ಧಿವಂತಿಕೆಗೆ.

ಮೊದಲನೇ ಬುದ್ಧಿವಂತಿಕೆ, ಎಸ್‌ಪಿ ರಸ್ತೆಯಲ್ಲಿ 350 ರೂಪಾಯಿಗೆ ಸಿಕ್ಕ 40 ರೀಡರ್‌ಗಳು. ಮೇಲೆ ಹೆಸರೂ ಇರಲಿಲ್ಲ. ಕಾರ್ಡ್ ಗುರುತಿಸುತ್ತಿದ್ದವು, ಸರ್ಟಿಫಿಕೇಟ್ ಓದುತ್ತಿದ್ದವು, ಕಾರ್ಡ್ ತನ್ನ ಡಿಜಿಟಲ್ ಸಹಿ ಹಾಕುವ ಹೊತ್ತಿಗೇ ಸರಿಯಾಗಿ ಸುಮ್ಮನಾಗಿಬಿಡುತ್ತಿದ್ದವು. ಎರಡು ವಾರ ಕಾರ್ಡ್ ಓದಿಸುವ ಮಿನಿಡ್ರೈವರ್ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕಿದೆ. ಕೊನೆಗೆ ಒಂದು ಒಳ್ಳೇ ರೀಡರ್ ಎರವಲು ತಂದು ಹಾಕಿದರೆ ಮೊದಲ ಸಲಕ್ಕೇ ನಡೆಯಿತು. ಆ ನಲವತ್ತೂ ಈಗ ನನ್ನ ಡ್ರಾಯರ್‌ನಲ್ಲಿವೆ. ಯಾರಿಗಾದರೂ ಬೇಕಿದ್ದರೆ ಸುಮ್ನೆ ತಗೊಂಡು ಹೋಗಿ.

ಈಗ ಮೂರು ಪಿನ್ ವಿಷಯಕ್ಕೆ ಬರೋಣ. ವಿಂಡೋಸ್ ಲಾಗಿನ್‌ಗೆ ಒಂದು. ಒಳಗೆ ಬಂದು ವಿಪಿಎನ್ ಒತ್ತಿದರೆ ಇನ್ನೊಂದು. ಸುರಂಗ ಕಟ್ಟುವ ವಿಧಾನ ಐಕೆಇವಿ2, ಅದರಲ್ಲಿ ಸರ್ಟಿಫಿಕೇಟ್ ತೋರಿಸುವ ವಿಧಾನ ಇಎಪಿ-ಟಿಎಲ್‌ಎಸ್, ಅದೇ ಕಾರ್ಡು, ಅದೇ ಸರ್ಟಿಫಿಕೇಟು, ಆದರೂ ಕೇಳುತ್ತದೆ. ಪಿನ್ ನೆನಪು ಆಯಾ ಪ್ರೋಸೆಸ್‌ಗೆ (ಓಡುತ್ತಿರುವ ಪ್ರೋಗ್ರಾಂಗೆ) ಸೀಮಿತ, ಲಾಗಿನ್ ಪರದೆಗೆ ಕೊಟ್ಟದ್ದು ವಿಪಿಎನ್‌ಗೆ ಗೊತ್ತಿರುವುದಿಲ್ಲ. ಮೂರನೆಯದು ಎಲ್ಲಕ್ಕಿಂತ ಕಿರಿಕಿರಿ. ವಿಪಿಎನ್ ಸಿಕ್ಕ ಐದು ನಿಮಿಷಕ್ಕೆ ಮೂಲೆಯಲ್ಲಿ ಒಂದು ಬಲೂನ್: ನಿಮ್ಮ ಈಗಿನ ಗುರುತು ಬೇಕು, ಲಾಕ್ ಮಾಡಿ ಮತ್ತೆ ತೆರೆಯಿರಿ ಅಂತ. ಆಫ್‌ಲೈನ್‌ನಲ್ಲಿ ಲಾಗಿನ್ ಆದವನ ಕೈಯಲ್ಲಿ ಕೆರ್ಬರೋಸ್ ಟಿಕೆಟ್, ಅಂದರೆ ಒಳಗಿನ ಸರ್ವರ್‌ಗಳಿಗೆ ತೋರಿಸುವ ತಾತ್ಕಾಲಿಕ ಪಾಸು, ಇರುವುದಿಲ್ಲ ಅಲ್ವಾ, ಅದಕ್ಕೆ.

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದಿದೆ. ವಿಪಿಎನ್ ಸೆಟ್ಟಿಂಗ್‌ಗಳಿರುವ ರಾಸ್‌ಫೋನ್.ಪಿಬಿಕೆ ಫೈಲ್ ತೆಗೆದು ಯೂಸ್‌ರಾಸ್‌ಕ್ರೆಡೆನ್ಷಿಯಲ್ಸ್ ಎದುರಿನ 1 ಅಳಿಸಿ 0 ಬರೆಯುವುದು. ಇಲ್ಲದಿದ್ದರೆ ವಿಪಿಎನ್‌ಗೆ ಕೊಟ್ಟ ಗುರುತನ್ನೇ ವಿಂಡೋಸ್ ಫೈಲ್ ಸರ್ವರ್‌ಗೂ ಕೊಡಲು ಹೋಗುತ್ತದೆ. ನಾನು ಸ್ಕ್ರಿಪ್ಟ್ ಬರೆದು ಒಂದೇ ರಾತ್ರಿ ಎಲ್ಲ ಯಂತ್ರಕ್ಕೂ 0 ಹಾಕಿದೆ. ಬೆಳಿಗ್ಗೆ ಬಲೂನ್ ಜಾಸ್ತಿ ಆಯಿತು. ಪಾಸ್‌ವರ್ಡ್‌ನಲ್ಲಿ ಲಾಗಿನ್ ಆಗುವವರಿಗೆ ಆ ಮದ್ದು ಸರಿ. ಕಾರ್ಡ್‌ನವರಿಗೆ, ಕನಿಷ್ಠ ನಮ್ಮಲ್ಲಿ, ಹತ್ತಕ್ಕೆ ನಾಲ್ಕು ಯಂತ್ರ ಕೈಕೊಟ್ಟವು. ವಾಪಸ್ 1 ಹಾಕಿದರೆ ಬೇರೆ ನಾಲ್ಕು. ಒಂದು ತಿಂಗಳು ಈ 0–1 ಆಟದಲ್ಲೇ ಹೋಯಿತು.

ಆಮೇಲೆ ಹೊಳೆಯಿತು. ತಪ್ಪಿದ್ದದ್ದು ಕ್ರಮದಲ್ಲಿ. ಲಾಗಿನ್ ಆದಮೇಲೆ ವಿಪಿಎನ್ ಕಟ್ಟುವುದರ ಬದಲು, ವಿಪಿಎನ್ ಕಟ್ಟಿ ಲಾಗಿನ್ ಆಗಬೇಕು. ವಿಪಿಎನ್ ಪ್ರೊಫೈಲನ್ನು ಒಬ್ಬೊಬ್ಬರ ಖಾತೆಯಿಂದ ತೆಗೆದು, ಯಂತ್ರದ ಎಲ್ಲರಿಗೂ ಸೇರಿದ ಫೋನ್‌ಬುಕ್‌ಗೆ (ವಿಪಿಎನ್ ಪಟ್ಟಿಗೆ) ಹಾಕಿದೆ. ಆಗ ಲಾಗಿನ್ ಪರದೆಯ ಕೆಳಗೆ ನೆಟ್‌ವರ್ಕ್ ಸೈನ್‌-ಇನ್ ಗುರುತು ಬರುತ್ತದೆ. ಕಾರ್ಡ್ ತೂರಿಸಿ, ಅದನ್ನು ಒತ್ತಿ, ಪಿನ್ ಕೊಟ್ಟರೆ ಮೊದಲು ಸುರಂಗ, ಹಿಂದೆಯೇ ಲಾಗಿನ್. ಎದುರಿಗೆ ಲಾಗಿನ್ ಪರೀಕ್ಷಿಸಿ ಟಿಕೆಟ್ ಕೊಡುವ ನಿಜವಾದ ಸರ್ವರ್, ಡೊಮೇನ್ ಕಂಟ್ರೋಲರ್, ಇರುವುದರಿಂದ ಟಿಕೆಟ್ ತಾಜಾ. ಲಾಗಿನ್ ಸ್ಕ್ರಿಪ್ಟ್ ಓಡುತ್ತದೆ, ಡ್ರೈವ್‌ಗಳು ಬರುತ್ತವೆ, ಬಲೂನ್ ಇಲ್ಲ. ಪರದೆಯ ಈ ಬಾಗಿಲು ವಿಸ್ಟಾ ಕಾಲದಿಂದ ಇದೆ. ಕಣ್ಣೆದುರೇ ಇತ್ತು.

ಹೀಗೆ ಮಾಡಿದರೂ ಕೆಲವು ಯಂತ್ರಗಳು ಎರಡನೇ ಸಲ ಕೇಳುತ್ತವೆ. ಅದನ್ನು ನಿಲ್ಲಿಸಲು ಕಾರ್ಡ್ ಬರೆಯುವಾಗಲೇ ಮಾಡುವ ಒಂದು ಸಣ್ಣ ಕೈಚಳಕ ಇದೆ. ಅದನ್ನು ಇಲ್ಲಿ ಬರೆಯಲ್ಲ. ಒಂದು ತಿಂಗಳ ನಿದ್ದೆ ಕೊಟ್ಟು ಕಲಿತದ್ದು. ಸುಳಿವು ಬೇಕಾದರೆ, ಕಾರ್ಡ್‌ನಲ್ಲಿ ಎಷ್ಟು ಸರ್ಟಿಫಿಕೇಟ್ ಇವೆ, ಯಾವುದು ಮೊದಲು ಅಂತ ನೋಡಿ.

ಆದರೆ ಶಿರಸಿ ಹುಡುಗನಿಗೆ ಇದೂ ನಡೆಯಲಿಲ್ಲ. ವಿಪಿಎನ್ ಸರ್ವರ್ ಸಿಗುತ್ತಿಲ್ಲ ಅನ್ನುವ 809 ದೋಷ. ಅವನ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಸಲೀಸು, ಮನೆಯ ಫೈಬರ್‌ನಲ್ಲಿ ಇಲ್ಲ. ಪಾಸ್‌ವರ್ಡ್ ಕಾಲದಲ್ಲಿ ಅದೇ ಫೈಬರ್ ಚೆನ್ನಾಗಿತ್ತು. ನೆಟ್‌ವರ್ಕ್‌ನಲ್ಲಿ ಹರಿಯುವ ಡೇಟಾ ಪ್ಯಾಕೆಟ್ ಹಿಡಿದು ನೋಡಿದಾಗ ಗೊತ್ತಾಯಿತು: ಸರ್ಟಿಫಿಕೇಟ್ ಹೊತ್ತ ಐಕೆಇ ಸಂದೇಶ 1500 ಬೈಟ್ ದಾಟುತ್ತದೆ, ತುಂಡಾಗುತ್ತದೆ, ಆ ತುಂಡುಗಳನ್ನು ನಡುವಿನ ಯಾವುದೋ ಪೆಟ್ಟಿಗೆ ಎಸೆಯುತ್ತದೆ. ವಿಂಡೋಸ್ 10ರ 1803 ಆವೃತ್ತಿಯಿಂದ ಕ್ಲೈಂಟ್‌ಗೆ ಐಕೆಇ ಮಟ್ಟದಲ್ಲೇ ತುಂಡು ಮಾಡಿ ಕಳಿಸಲು ಬರುತ್ತದೆ. ಆದರೆ ವಿಂಡೋಸ್ ಸರ್ವರ್ 2019ರಲ್ಲಿ, ರಿಜಿಸ್ಟ್ರಿ ಅನ್ನುವ ಸೆಟ್ಟಿಂಗ್‌ಗಳ ಕಣಜಕ್ಕೆ, ಎನೇಬಲ್‌ಸರ್ವರ್‌ಫ್ರಾಗ್ಮೆಂಟೇಶನ್ ಅಂತ ಒಂದು ನಮೂದು ನಾವೇ ಸೇರಿಸಬೇಕು. ಸೇರಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿದೆ, ಮುಗೀತು. ಮೇಲೆ ಹೇಳಿದ ಫೋನ್ ಬಂದದ್ದು ಮರುದಿನ. ಅಂದಹಾಗೆ, ವಿಂಡೋಸ್ ಐಕೆಇವಿ2 ತಾನಾಗಿ ಕೇಳುವ ಡಿಎಚ್ ಗುಂಪು (ಎರಡೂ ಕಡೆಯವರು ಗುಟ್ಟಿನ ಕೀ ಒಪ್ಪಿಕೊಳ್ಳುವ ಲೆಕ್ಕದ ಗಾತ್ರ) 1024 ಬಿಟ್‌ನದು. ಪವರ್‌ಶೆಲ್‌ನಲ್ಲಿ ಎರಡೂ ಕಡೆ ಗಟ್ಟಿ ಮಾಡಿಕೊಳ್ಳಿ. ಆಡಿಟ್‌ನವರು ಮೊದಲು ನೋಡುವುದೇ ಅದನ್ನು.

ಈಗ ನನ್ನ ಮಾನ ಹೋದ ಸೋಮವಾರ. ರೂಟ್ ಸಿಎ, ಅಂದರೆ ಎಲ್ಲ ಸರ್ಟಿಫಿಕೇಟ್‌ಗೂ ಮೂಲವಾದ ಯಂತ್ರವನ್ನು, ಆಫ್‌ಲೈನ್ ಇಡಬೇಕು ಅಂತ ಶಾಸ್ತ್ರ. ಇಟ್ಟಿದ್ದೆ, ಸ್ಟೋರ್ ರೂಮಿನ ಗಾಡ್ರೇಜ್ ಬೀರುವಿನಲ್ಲಿ, ಆಯುಧಪೂಜೆಯ ಕುಂಕುಮ ಸಮೇತ. ಅದರ ಸಿಆರ್‌ಎಲ್‌ಗೆ (ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿಗೆ) ಆರು ತಿಂಗಳ ಅವಧಿ ಕೊಟ್ಟಿದ್ದೆ. ಪಟ್ಟಿಯ ಅವಧಿ ಮುಗಿದರೆ ಸರ್ವರ್ ಯಾವ ಕಾರ್ಡನ್ನೂ ನಂಬುವುದಿಲ್ಲ. ಆರು ತಿಂಗಳು ಒಂದು ಭಾನುವಾರ ರಾತ್ರಿ ಮುಗಿಯಿತು. ಬೆಳಿಗ್ಗೆ ಎಂಟೂವರೆಗೆ ಒಂದೇ ಒಂದು ಕಾರ್ಡ್ ನಡೆಯುತ್ತಿಲ್ಲ, ವಿಪಿಎನ್ ಇಲ್ಲ, ಆಫೀಸಿನ ಒಳಗಿನ ಲಾಗಿನ್ನೂ ಇಲ್ಲ. ನನ್ನ ಫೋನಿನಲ್ಲಿ ಅರವತ್ತು ಮಿಸ್ಡ್ ಕಾಲ್. ಬೀರುವಿನ ಬೀಗದ ಕೈ ಇಟ್ಟುಕೊಂಡ ಅಡ್ಮಿನ್ ಮೇಡಂ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ. ಹತ್ತೂಕಾಲಿಗೆ ಬೀರು ತೆಗೆದು, ಹೊಸ ಸಿಆರ್‌ಎಲ್ ಪೆನ್‌ಡ್ರೈವ್‌ಗೆ ಹಾಕಿಕೊಂಡು ಓಡಿದೆ. ಈಗ ವರ್ಷದ ಅವಧಿ ಕೊಟ್ಟಿದ್ದೇನೆ, ಆದರೂ ಆರು ತಿಂಗಳಿಗೇ ಬದಲಿಸುತ್ತೇನೆ. ಜನವರಿಯಲ್ಲಿ ಒಮ್ಮೆ, ಜುಲೈಯಲ್ಲಿ ಒಮ್ಮೆ. ಬೀಗದ ಕೈ ನನ್ನ ಬಳಿಯೂ ಒಂದಿದೆ.

ಅಕೌಂಟ್ಸ್‌ನವರದು ಬೇರೆಯೇ ಕಥೆ. ಅವರ ಲ್ಯಾಪ್‌ಟಾಪ್‌ಗೆ ಜಿಎಸ್‌ಟಿ ಸಲ್ಲಿಸುವ ಡಿಎಸ್‌ಸಿ ಟೋಕನ್ (ಡಿಜಿಟಲ್ ಸಹಿ ಇರುವ ಯುಎಸ್‌ಬಿ ಕಡ್ಡಿ) ಯಾವಾಗಲೂ ಚುಚ್ಚಿರುತ್ತದೆ. ವಿಪಿಎನ್ ಒತ್ತಿದರೆ ಪಟ್ಟಿಯಲ್ಲಿ ಎರಡು ಸರ್ಟಿಫಿಕೇಟ್, ಎರಡರಲ್ಲೂ ಅವರದೇ ಹೆಸರು. ಡಿಎಸ್‌ಸಿ ಆರಿಸಿ, ಕಾರ್ಡಿನ ಪಿನ್ ಒತ್ತಿದರು. ತಪ್ಪು ಅಂತು. ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಟೋಕನ್ ಲಾಕ್. ಅವತ್ತು ತಾರೀಖು 20, ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿಗೆ ಕೊನೇ ದಿನ. ಹೊಸ ಡಿಎಸ್‌ಸಿಗೆ ಎರಡು ಸಾವಿರ ಚಿಲ್ಲರೆ ಹೋಯಿತು, ವಿಡಿಯೋ ಪರಿಶೀಲನೆ ಎಲ್ಲ ಮುಗಿದು ರಾತ್ರಿ ಒಂಬತ್ತಕ್ಕೆ ರಿಟರ್ನ್ ಹೋಯಿತು. ಫೈನಾನ್ಸ್ ಮ್ಯಾನೇಜರ್ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಇಎಪಿ ಪ್ರೊಫೈಲ್‌ನಲ್ಲಿ ಸರ್ಟಿಫಿಕೇಟ್ ಕೊಟ್ಟವರು ಯಾರು ಅಂತ ನೋಡಿ ಸೋಸುವ ಸೌಲಭ್ಯ ಇದೆ. ನಮ್ಮ ಸರ್ಟಿಫಿಕೇಟ್ ಸರ್ವರ್ ಕೊಟ್ಟದ್ದು ಮಾತ್ರ ಕಾಣುವ ಹಾಗೆ ಅದನ್ನು ಹಾಕಿದೆ. ಮೊದಲ ದಿನವೇ ಹಾಕಬೇಕಿತ್ತು.

ಇದೇ ಗುಂಗಿನಲ್ಲಿ, ಆ ತರಹದ ಇಪಾಸ್2003 ಟೋಕನ್‌ನನ್ನೇ ಕಾರ್ಡ್ ಬದಲು ಬಳಸಿದರೆ ರೀಡರ್ ದುಡ್ಡು ಉಳಿಯುತ್ತಲ್ಲ ಅಂತ ಒಂದು ವಾರ ಆಡಿದೆ. ಕಾರ್ಡ್, ಟೋಕನ್ ಓದಿಸುವ ಉಚಿತ ಸಾಫ್ಟ್‌ವೇರ್ ಓಪನ್‌ಎಸ್‌ಸಿಯಲ್ಲಿ ಚೆನ್ನಾಗಿಯೇ ಓಡುತ್ತದೆ. ಆದರೆ ಟೋಕನ್ ಆಫೀಸಿನ ಬಾಗಿಲು ತೆಗೆಯುವುದಿಲ್ಲ. ನಮ್ಮ ಕಾರ್ಡ್ ಬಾಗಿಲನ್ನೂ ತೆಗೆಯುತ್ತದೆ, ಇದು ನನ್ನ ಹೆಮ್ಮೆ. ಕ್ಯಾಂಟೀನ್‌ಗೆ ಹೋಗಲು ಕಾರ್ಡ್ ಎಳೆಯಲೇಬೇಕು, ಎಳೆದ ಕೂಡಲೇ ಲ್ಯಾಪ್‌ಟಾಪ್ ಲಾಕ್. ತೆರೆದಿಟ್ಟ ಪರದೆ ಬಗ್ಗೆ ವರ್ಷಗಟ್ಟಲೆ ಕಳಿಸಿದ ಮೇಲ್‌ಗಳಿಂದ ಆಗದ್ದು ಹಸಿವಿನಿಂದ ಆಯಿತು.

ಲಿನಕ್ಸ್ ಬಳಸುವ ಒಂಬತ್ತು ಜನರಿಗೆ ಬೇರೆ ದಾರಿ. ಓಪನ್‌ವಿಪಿಎನ್‌ನಲ್ಲಿ ಶುರು ಮಾಡಿದ್ದೆ. ಅದು ಗಂಟೆಗೊಮ್ಮೆ ಕೀ ಬದಲಿಸುತ್ತದೆ, ಗಂಟೆಗೊಮ್ಮೆ ಪಿನ್ ಕೇಳುತ್ತಿತ್ತು. ಅದನ್ನು ಬಿಟ್ಟು ಓಸರ್ವ್ ಅನ್ನುವ ಇನ್ನೊಂದು ವಿಪಿಎನ್ ಸರ್ವರ್ ಹಾಕಿದೆ. ಅದಕ್ಕೆ ಕೆರ್ಬರೋಸ್ ಟಿಕೆಟ್ ತೋರಿಸಿದರೆ ಸಾಕು, ಮತ್ತೆ ಕೆರ್ಬರೋಸ್‌ನನ್ನೇ ವೆಬ್‌ಸೈಟ್‌ಗಳು ಬಳಸುವ 443 ಪೋರ್ಟ್ ಮೇಲೆ ಹೊರಗಿನಿಂದ ಒಳಗೆ ಸಾಗಿಸುವ ಪ್ರಾಕ್ಸಿಯೂ ಅದರಲ್ಲೇ ಇದೆ. ಕಾರ್ಡ್ ಹಾಕಿ, ಟಿಕೆಟ್ ತರುವ ಕೆಇನಿಟ್ ಆಜ್ಞೆ ಕೊಟ್ಟರೆ ಒಂದು ಪಿನ್, ಟಿಕೆಟ್ ಕೈಗೆ, ಓಸರ್ವ್‌ಗೆ ಸೇರಿಸುವ ಓಪನ್‌ಕನೆಕ್ಟ್ ಏನೂ ಕೇಳದೆ ಒಳಗೆ. ನನ್ನ ಕೇಳಿದರೆ ವಿಂಡೋಸ್‌ಗಿಂತ ಇದೇ ಚೆಂದ.

2025ರ ಫೆಬ್ರವರಿ. ಅಪ್‌ಡೇಟ್ ಆದ ಮರುದಿನ ಮತ್ತೆ ಯಾರಿಗೂ ಲಾಗಿನ್ ಇಲ್ಲ. ಲಾಗ್‌ನಲ್ಲಿ 39ನೇ ಈವೆಂಟ್ (ಸರ್ಟಿಫಿಕೇಟ್ ಯಾರದು ಅಂತ ಖಚಿತವಾಗಲಿಲ್ಲ ಅನ್ನುವ ದೂರು) ಸಾಲುಸಾಲು. ಮೇ 2022ರಲ್ಲೇ ಮೈಕ್ರೋಸಾಫ್ಟ್ ಹೇಳಿತ್ತು, ಸರ್ಟಿಫಿಕೇಟ್‌ನಲ್ಲಿ ಬಳಕೆದಾರನ ಎಸ್‌ಐಡಿ (ಖಾತೆಯ ಗುರುತುಸಂಖ್ಯೆ) ಇರಬೇಕು, ಇಲ್ಲವೇ ಖಾತೆಯಲ್ಲೇ ಸರ್ಟಿಫಿಕೇಟಿನ ಗಟ್ಟಿ ನಂಟು ಬರೆದಿರಬೇಕು, ಬರೀ ಯುಪಿಎನ್ ಹೆಸರು (ಇಮೇಲ್ ತರಹದ ಲಾಗಿನ್ ಹೆಸರು) ಸಾಲದು ಅಂತ. ಓದಿದ್ದೆ, ನಮಗಲ್ಲ ಅಂದುಕೊಂಡಿದ್ದೆ. ಸರ್ಟಿಫಿಕೇಟಿನ ಸಾಮಾನ್ಯ ಟೆಂಪ್ಲೇಟ್ (ಅಚ್ಚು) ಆಗಿದ್ದರೆ ಎಸ್‌ಐಡಿ ತಾನೇ ಕೂರುತ್ತಿತ್ತು. ನಾನು ಎಚ್‌ಆರ್‌ನ ಎಕ್ಸೆಲ್ ಶೀಟ್‌ನಿಂದ ಹೆಸರು ಎತ್ತಿ ಬರೆಯುವ ಸ್ಕ್ರಿಪ್ಟ್ ಮಾಡಿದ್ದೆನಲ್ಲ, ಹೆಸರನ್ನು ನಾವೇ ಕೊಡುವ ಟೆಂಪ್ಲೇಟ್ ಬೇಕಾಗಿತ್ತು. ಅದರಲ್ಲಿ ಕೂರುವುದಿಲ್ಲ. ಸದ್ಯಕ್ಕೆ ರಿಜಿಸ್ಟ್ರಿಯಲ್ಲಿ ಹಳೇ ನಡವಳಿಕೆಗೆ ಮರಳಿಸಿದೆ. ಆ ಸವಲತ್ತು ಸೆಪ್ಟೆಂಬರ್‌ಗೆ ಮುಗಿಯುವುದಿತ್ತು.

160 ಕಾರ್ಡ್ ವಾಪಸ್ ತರಿಸಿ ಬರೆಯುವುದು ಆಗದ ಮಾತು. ಪ್ರತಿಯೊಬ್ಬರ ಖಾತೆಯಲ್ಲಿ ಆಲ್ಟ್‌ಸೆಕ್ಯುರಿಟಿಐಡೆಂಟಿಟೀಸ್ ಅನ್ನುವಲ್ಲಿ ಸರ್ಟಿಫಿಕೇಟ್ ಕೊಟ್ಟವರ ಹೆಸರು, ಅದರ ಸೀರಿಯಲ್ ನಂಬರ್ ಬರೆದೆ. ನಡೆಯಲಿಲ್ಲ. ಮೂರು ಗಂಟೆ ತಲೆ ಕೆರೆದುಕೊಂಡ ಮೇಲೆ ಗೊತ್ತಾದದ್ದು, ಸೀರಿಯಲ್ಲನ್ನು ಬೈಟ್ ಬೈಟಾಗಿ ತಿರುಗಿಸಿ ಬರೆಯಬೇಕು. ಸರ್ಟಿಫಿಕೇಟ್‌ನಲ್ಲಿ 1ಎ 2ಬಿ 3ಸಿ ಅಂತಿದ್ದರೆ ಇಲ್ಲಿ 3ಸಿ 2ಬಿ 1ಎ. ಅಂಕಿ ಅಂಕಿಯಾಗಿ ತಿರುಗಿಸಿದರೂ ತಪ್ಪು, ಜೋಡಿ ಜೋಡಿಯಾಗಿ. ನಮ್ಮ ಕನ್ಸಲ್ಟೆಂಟ್ ಕಳೆದ ತಿಂಗಳು ತನ್ನ ಬೇರೆ ಗ್ರಾಹಕನಿಗೋಸ್ಕರ ನನಗೆ ಫೋನ್ ಮಾಡಿ ಕೇಳಿದ್ದು ಇದನ್ನೇ. ಅವನಿಗೂ ಮೂರು ಗಂಟೆ ಆದಮೇಲೆ ಹೇಳೋಣ ಅಂತ ಮೊದಲು ಅನ್ನಿಸಿತು. ಹೇಳಿಬಿಟ್ಟೆ.

ದಿನದ ರಗಳೆ ಈಗ ಕಡಿಮೆ. ವಾರಕ್ಕೆ ಎರಡು ಮೂರು ಪಿನ್ ಲಾಕ್, ಒಂದು ಮನೆಯಲ್ಲಿ ಮರೆತ ಕಾರ್ಡು. ಓದುವುದಿಲ್ಲ ಅಂತ ತಂದ ಕಾರ್ಡಿಗೆ ಪೆನ್ಸಿಲ್ ಅಳಿಸುವ ರಬ್ಬರ್ ಸಾಕು. ಚಿನ್ನದ ಬಣ್ಣದ ಆ ಚೌಕವನ್ನು ಮೆಲ್ಲಗೆ ನಾಲ್ಕು ಸಲ ಉಜ್ಜಿದರೆ ಕೈಯ ಎಣ್ಣೆಜಿಡ್ಡು ಹೋಗುತ್ತದೆ, ಹತ್ತರಲ್ಲಿ ಎಂಟು ಬದುಕುತ್ತವೆ. ಸರ್ಟ್‌-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) 2022ರಲ್ಲಿ ಇಟ್ಟುಕೊಳ್ಳಲು ಹೇಳಿದ 180 ದಿನದ ಲಾಗ್ ಕೂಡ ಎನ್‌ಪಿಎಸ್‌ನಿಂದ ತಾನಾಗಿ ಹೋಗಿ ಕೂರುತ್ತದೆ.

ಮೊನ್ನೆ ಫೈನಾನ್ಸ್ ಮ್ಯಾನೇಜರ್ ನನ್ನ ಮೇಜಿನ ಹತ್ತಿರ ಬಂದು ಮೆತ್ತಗೆ ಇನ್ನೊಂದು ಕಾರ್ಡ್ ಕೇಳಿದರು. ಹಳೆಯದು ಪ್ಯಾಂಟ್ ಜೇಬಿನಲ್ಲಿದ್ದು ವಾಷಿಂಗ್ ಮೆಷಿನ್‌ಗೆ ಹೋಗಿತ್ತಂತೆ. ಕೊಡಿ ನೋಡೋಣ ಅಂತ ಇಸಕೊಂಡೆ. ಫೋಟೋ ಅರ್ಧ ಅಳಿಸಿತ್ತು. ಕರ್ಚೀಫಿನಲ್ಲಿ ಒರೆಸಿ ರೀಡರ್‌ಗೆ ಹಾಕಿದೆ, ಹಸಿರು ದೀಪ ಬಂತು. ಪಿನ್ ಒತ್ತಿದರು, ಒಳಗೆ ಹೋದರು. "ಹೊಸದು ಬೇಡ ಬಿಡಿ, 650 ಉಳಿಯಿತು" ಅಂದರು.