ಹೊಸದಾಗಿ ಸ್ಪಿನ್ ಕ್ಲಾಸ್ ತಗೋತಿದೀರಾ? ಆಗಾಗ ನಿಮ್ಮ ಸೈಕಲ್ ಇಳೀರಿ

ಸ್ಪಿನ್ ಕ್ಲಾಸ್ ಅಂದ್ರೆ ನಿಂತಲ್ಲೇ ಇರೋ ಸೈಕಲ್ಲನ್ನ ಹಾಡಿಗೆ ತಕ್ಕಂಗೆ ಗುಂಪಾಗಿ ತುಳಿಯೋ ಕ್ಲಾಸು. ಅದನ್ನ ಹೇಳಿಕೊಡೋ ಹೊಸ ಇನ್‌ಸ್ಟ್ರಕ್ಟರ್‌ಗಳು ಸುಮಾರು ಜನ ಪ್ಲೇಲಿಸ್ಟ್ ಮಾಡೋದ್ರಲ್ಲೇ ರಾತ್ರಿಯೆಲ್ಲಾ ಕಳೀತಾರೆ, ನಾನೂ ಹಂಗೇ ಮಾಡ್ತಿದ್ದೆ. ಆದ್ರೆ ಜನ ಎರಡನೇ ಸಲ ಬರೋದು ಬರೀ ಹಾಡಿಗಲ್ಲ, ಇವರು ನನ್ನನ್ನ ಗಮನಿಸ್ತಿದಾರೆ ಅನ್ನಿಸಿದ್ರೆ ಬರ್ತಾರೆ.

ಅದಕ್ಕೆ 15 ನಿಮಿಷ ಮುಂಚೆ ಹೋಗಿ, ಹೊಸಬರು ಯಾರು ಅಂತ ಕೇಳಿ ಅವರ ಸೀಟು ನೀವೇ ಸೆಟ್ ಮಾಡಿ. ಸೈಕಲ್ ಪಕ್ಕ ನಿಂತಾಗ ಸೀಟು ಸೊಂಟದ ಮೂಳೆ ಮಟ್ಟಕ್ಕಿರ್ಬೇಕು, ಕೂತು ಪೆಡಲ್ ಪೂರ್ತಿ ಕೆಳಗೆ ಹೋದಾಗ ಮಂಡಿ ಸ್ವಲ್ಪ ಬಾಗಿರ್ಬೇಕು, ಪೂರ್ತಿ ನೆಟ್ಟಗಾಗ್ಬಾರ್ದು. ಒಬ್ರು ಆಂಟಿ ಮೊದಲ ಹಾಡು ಮುಗಿಯೋ ಮುಂಚೇನೇ ಮಂಡಿ ನೋವು ಅಂತ ಇಳಿದ್ಬಿಟ್ರು, ಹೋಗಿ ನೋಡಿದ್ರೆ ಸೀಟು ಮೂರು ತೂತು ಕೆಳಗಿತ್ತು, ಏರಿಸಿಕೊಟ್ಟೆ, ಎರಡು ಸುತ್ತು ತುಳಿದು "ಈಗ ಕಾಲು ಆಡ್ತಿದೆ ಕಣಪ್ಪಾ" ಅಂದ್ರು. ತುಳಿಯೋ ಬಿಗಿ ಹೆಚ್ಚು ಕಮ್ಮಿ ಮಾಡೋಕೆ ಒಂದು ನಾಬ್ ಇರುತ್ತೆ, ಅದನ್ನ ಒತ್ತಿದ್ರೆ ಚಕ್ರ ನಿಲ್ಲುತ್ತೆ ಅನ್ನೋದನ್ನೂ ಆಗ್ಲೇ ತೋರಿಸ್ಬಿಡಿ, ಭಾರದ ಚಕ್ರ ಓಡ್ತಿರುವಾಗ ಕಾಲು ಹಂಗೇ ನಿಲ್ಸೋಕೆ ಹೋಗ್ಬಾರ್ದು.

ಹಾಡಿನ ಲೆಕ್ಕ ಸುಲಭ. ಒಂದು ಬೀಟ್‌ಗೆ ಒಂದು ಕಾಲು ತುಳಿದ್ರೆ ಎರಡು ಬೀಟ್‌ಗೆ ಒಂದು ಸುತ್ತು, ಅಂದ್ರೆ ನಿಮಿಷಕ್ಕೆ 130 ಬೀಟ್ ಇರೋ ಹಾಡಿಗೆ 65 ಸುತ್ತು, ಅದು ಏರು ಹತ್ತೋಕೆ ಚೆನ್ನಾಗಿ ಹೊಂದುತ್ತೆ. ಸಮತಟ್ಟು ರೋಡಿನ ಥರ 90 ಸುತ್ತು ಬೇಕಂದ್ರೆ 180 ಬೀಟ್ ಹಾಡು ಹುಡುಕಿ, ಇಲ್ಲಾಂದ್ರೆ 90 ಬೀಟ್ ಹಾಡಿಗೆ ಒಂದು ಬೀಟ್‌ಗೆ ಒಂದು ಪೂರ್ತಿ ಸುತ್ತು. ಕನ್ನಡ ಹಾಡು ಧಾರಾಳವಾಗಿ ಹಾಕಿ, ಗೊತ್ತಿರೋ ಹಾಡು ಬಂದ್ರೆ ಜನ ತಾವೇ ಹಾಡ್ಕೊಂಡು ತುಳೀತಾರೆ.

ಹೇಳೋದೆಲ್ಲಾ ಎಂಟು ಎಣಿಕೆ ಮುಂಚೆ ಹೇಳ್ಬೇಕು. ಹಾಡು ಏರೋ ಹೊತ್ತಿಗೆ "ಎದ್ದೇಳಿ" ಅಂದ್ರೆ ಅರ್ಧ ಜನ ಎದ್ದಿರ್ತಾರೆ, ಅರ್ಧ ಜನ ಏನಂದ್ರು ಅಂತ ಪಕ್ಕದವರ ಮುಖ ನೋಡ್ತಿರ್ತಾರೆ. ಮೊದಲು ನಾಬ್ ತಿರುಗಿಸಿ ಅನ್ನಿ, ಆಮೇಲೆ ನಾಲ್ಕು, ಮೂರು, ಎರಡು ಅಂತ ಎಣಿಸಿ, ಒಂದಕ್ಕೆ ಎಬ್ಬಿಸಿ, ಎದ್ಮೇಲೆ ಸುಮ್ಮನಿರಿ.

ಈ ಸ್ಪಿನ್ನಿಂಗ್ ಶುರುವಾಗಿದ್ದೇ ರೋಡ್ ಸೈಕ್ಲಿಂಗ್ ಇಂದ, ಜಾನಿ ಜಿ ಅನ್ನೋರು ಅಮೆರಿಕದಲ್ಲಿ 1980ರ ದಶಕದಲ್ಲಿ ತಮ್ಮ ದೂರದ ರೇಸ್‌ಗೆ ಒಳಗೇ ಪ್ರಾಕ್ಟೀಸ್ ಮಾಡ್ತಾ ಬೆಳೆಸಿದ್ದು. ಹಂಗಾಗಿ ತಲೇಲಿ ಒಂದು ರೋಡ್ ಇಟ್ಕೊಳ್ಳಿ. ಬೆಂಗಳೂರು ಕ್ಲಾಸಾದ್ರೆ ನಂದಿ ಬೆಟ್ಟ ಇದ್ದೇ ಇದೆ, 1,478 ಮೀಟರ್, ತಿರುವು ಮೇಲೆ ತಿರುವು. ಬುಡದಲ್ಲಿ ಕೂತು ತುಳೀರಿ, ತಿರುವಿಗೊಮ್ಮೆ ನಾಬ್ ಅರ್ಧ ಸುತ್ತು, ಕೊನೆ ಏರಿಗೆ ಎದ್ದು ನಿಲ್ಲಿ ಅಂತ ಹೇಳ್ತಾ ಹೋಗಿ, ಇನ್ನೆಷ್ಟು ದೂರ ಅಂತ ಗೊತ್ತಿದ್ರೆ ಜನ ಬಿಟ್ಕೊಡಲ್ಲ.

ಅವರು ಹತ್ತುತ್ತಿರೋವಾಗ್ಲೇ ನೀವು ಮೈಕ್ ಸಮೇತ ಇಳಿದು ಸಾಲುಗಳ ಮಧ್ಯೆ ಓಡಾಡಿ. ಭುಜ ಕಿವಿ ತನಕ ಏರಿಸ್ಕೊಂಡಿರೋರ ಮುಂದೆ ನಿಮ್ಮ ಭುಜ ಇಳಿಸಿ ತೋರ್ಸಿ ಸಾಕು, ಕೇಳದೆ ಮುಟ್ಬೇಡಿ. ಹೆಸರು ನೆನಪಿದ್ರೆ ಹೆಸರು ಹಿಡಿದು ಕರೀರಿ. ಸುಸ್ತಾದೋರಿಗೆ ನಾಬ್ ಕಮ್ಮಿ ಮಾಡ್ಕೊಳ್ಳಿ ಅಂತ ಎಲ್ಲರ ಮುಂದೆ ಕೂಗ್ಬೇಡಿ, ಹತ್ರ ಹೋಗಿ ಮೆಲ್ಲಗೆ ಹೇಳಿ.

ಕೊನೆ ಐದು ನಿಮಿಷ ನಿಧಾನಕ್ಕೆ ತುಳಿಸಿ ಇಳಿಸಿ. ಹೊಸಬರಿಗೆ ಮಾತ್ರ ಇನ್ನೊಂದು ಮಾತು ಹೇಳ್ಲೇಬೇಕು: ನಾಳೆ ಕೂರೋ ಜಾಗ ನೋಯುತ್ತೆ, ಎಲ್ಲರಿಗೂ ಹಂಗೇ, ಒಂದ್ನಾಲ್ಕು ಕ್ಲಾಸ್ ಆದ್ಮೇಲೆ ಕಮ್ಮಿ ಆಗುತ್ತೆ, ಬೇಕಿದ್ರೆ ಪ್ಯಾಡ್ ಇರೋ ಶಾರ್ಟ್ಸ್ ತಗೊಳ್ಳಿ ಅಂತ. ಇದು ಹೇಳ್ದೇ ಇದ್ರೆ ತಮಗೊಬ್ಬರಿಗೇ ಏನೋ ಆಗಿದೆ ಅನ್ಕೊಂಡು ಬರೋದೇ ನಿಲ್ಲಿಸ್ತಾರೆ.