ಮೊಟ್ಟೆಗೆ ಕಿಟಕಿ ಕೊರೆದು ನರದ ದಾರಿ ನೋಡಿದ್ದು

ಬೆಳೆಯುವ ನರಗಳು ಮಿದುಳಿನ ದಾರಿ ಹಿಡಿಯುವುದನ್ನು ನಾನು ಮೊದಲು ನೋಡಿದ್ದು ಕೋಳಿಮೊಟ್ಟೆಯಲ್ಲಿ. ಅಂಗಡಿ ಮೊಟ್ಟೆ ಇದಕ್ಕೆ ಆಗಲ್ಲ, ಹುಂಜದ ಜೊತೆಗಿದ್ದ ಕೋಳಿಯದೇ ಬೇಕು. 38 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲಿ ಮೂರು ದಿನ ಅಡ್ಡ ಮಲಗಿಸಿಟ್ಟೆ. ಸಿರಿಂಜಿನಲ್ಲಿ ಮೂರು ಎಂ.ಎಲ್. ಬಿಳಿ ಲೋಳೆ ಎಳೆದರೆ ಭ್ರೂಣ ಚಿಪ್ಪು ಬಿಟ್ಟು ಕೆಳಗಿಳಿಯುತ್ತದೆ. ಮೇಲೆ ಟೇಪ್ ಅಂಟಿಸಿ, ಸಣ್ಣ ಕತ್ತರಿಯಲ್ಲಿ ಕಿಟಕಿ ಕೊರೆದೆ. ಟೇಪ್ ಇಲ್ಲದಿದ್ದರೆ ಚಿಪ್ಪಿನ ಚೂರೆಲ್ಲ ಒಳಗೇ. ಪುಟ್ಟ ಹೃದಯ ಪಟಪಟ ಬಡಿಯುತ್ತಿತ್ತು. ಮೊದಲ ದಿನ ಅದನ್ನೇ ನೋಡುತ್ತಾ ಕೂತುಬಿಟ್ಟೆ, ಮೊಟ್ಟೆ ತಣ್ಣಗಾಯಿತು.

ಆ ವಯಸ್ಸಿನಲ್ಲಿ ಬೆನ್ನುಹುರಿ ಬರೀ ಒಂದು ಕೊಳವೆ. ಅದರೊಳಗೆ ಜಿಎಫ್‌ಪಿ ಎಂಬ ಹಸಿರಾಗಿ ಹೊಳೆಯುವ ಪ್ರೋಟೀನಿನ ಡಿಎನ್‌ಎ ತುಂಬಿದೆ. ಎರಡೂ ಬದಿಗೆ ತಂತಿ ಇಟ್ಟು 25 ವೋಲ್ಟಿನ ಐದು ಪುಟ್ಟ ಶಾಕ್ ಕೊಟ್ಟೆ. ಡಿಎನ್‌ಎ ಪ್ಲಸ್ ತಂತಿಯ ಕಡೆಗೇ ಓಡುವುದರಿಂದ ಒಂದು ಬದಿಯ ಕೋಶಗಳು ಮಾತ್ರ ಹೊಳೆಯುತ್ತವೆ. ಕತ್ತಲ ಬದಿಯಲ್ಲಿ ಹಸಿರು ಕಂಡರೆ ಆಕ್ಸಾನ್, ಅಂದರೆ ನರಕೋಶದ ಉದ್ದ ಎಳೆ, ನಡುಗೆರೆ ದಾಟಿ ಬಂದಿದೆ ಅಂತ ಲೆಕ್ಕ.

ಎರಡು ದಿನ ಬಿಟ್ಟು ಬೆನ್ನುಹುರಿಯನ್ನು ಸೀಳಿ, ಪುಸ್ತಕ ಬಿಚ್ಚಿದ ಹಾಗೆ ಹರವಿದೆ. ಕತ್ತಲಿರಬೇಕಾದ ಎಡಗಡೆ ಹಸಿರೋ ಹಸಿರು! "ಎಲ್ಲಾ ದಾಟಿಬಿಟ್ಟಿವೆ ಮೇಡಂ" ಅಂತ ಕುಣಿದೆ. ಅವರು ಲೆನ್ಸ್ ಬದಲಿಸಿ ನೋಡಿದರು. "ಕೋಶಗಳೇ ಎಡಗಡೆ ಇವೆಯಲ್ಲಪ್ಪಾ, ವೈರ್ ಅದಲುಬದಲು ಮಾಡಿದೀಯ." ಮೊಟ್ಟೆ ದಂಡವಾಗಲಿಲ್ಲ, ಎಡ ಬಲ ತಿರುಗಿಸಿ ಓದಿದರಾಯಿತು. ಕುಣಿದದ್ದು ಮಾತ್ರ ದಂಡ.

ತಿರುಗಿಸಿ ಓದಿದೆ. ಆಕ್ಸಾನ್‌ಗಳು ನಡುಗೆರೆಯವರೆಗೆ ನೇರ ಬಂದು, ದಾಟಿದ ಕೂಡಲೇ ತಲೆಯ ಕಡೆಗೆ ತಿರುಗಿದ್ದವು. ಕೆಲವು ಇನ್ನೂ ನಡುಗೆರೆಯ ಮೇಲಿದ್ದವು. ಅವುಗಳ ತುದಿಯ ಗ್ರೋತ್ ಕೋನ್ ಬೆರಳು ಬಿಡಿಸಿದ ಅಂಗೈಯಂತೆ ಅಗಲವಾಗಿತ್ತು. ಸ್ಪೇನಿನ ವಿಜ್ಞಾನಿ ಕಹಾಲ್ ಇದನ್ನು 1890ರಲ್ಲೇ ಬರೆದಿದ್ದ, ಅದೂ ಕೋಳಿಯ ಭ್ರೂಣದ ಬೆನ್ನುಹುರಿ ನೋಡಿಯೇ.

1994ರಲ್ಲಿ ಸಾವಿರಾರು ಕೋಳಿ ಭ್ರೂಣಗಳ ಮಿದುಳು ಅರೆದು ನೆಟ್ರಿನ್ ಎಂಬ ಪ್ರೋಟೀನ್ ಹುಡುಕಿದರು. ನಡುಗೆರೆಯಿಂದ ಹರಡುವ ಇದರ ವಾಸನೆ ಹಿಡಿದೇ ಆಕ್ಸಾನ್ ಬರುತ್ತದೆ ಅಂತ ನಾನೂ ಓದಿದ್ದೆ. ಆದರೆ 2017ರಲ್ಲಿ ಇಲಿಗಳ ನಡುಗೆರೆಯಲ್ಲಿ ನೆಟ್ರಿನ್ ಇಲ್ಲದಂತೆ ಮಾಡಿದರೂ ಆಕ್ಸಾನ್‌ಗಳು ಬಂದವು. ದಾರಿಯಲ್ಲಿರುವ ಕೋಶಗಳ ನೆಟ್ರಿನ್ನೇ ಜಾಸ್ತಿ ಮುಖ್ಯವಾಗಿತ್ತು. ಕರೆಂಟ್ ಹೋದಾಗ ಗೋಡೆ ಸವರಿಕೊಂಡು ನಡೆಯುತ್ತೇವಲ್ವಾ, ನನಗೆ ಅದೇ ನೆನಪಾಯಿತು. ದಾಟಿದ ಮೇಲೆ ಸ್ಲಿಟ್ ಎಂಬ ಇನ್ನೊಂದು ಪ್ರೋಟೀನ್ ವಾಪಸ್ ಬರಗೊಡುವುದಿಲ್ಲ.

ನನ್ನ ಸ್ಲೈಡಿನಲ್ಲಿ ಒಂದೇ ಒಂದು ಆಕ್ಸಾನ್ ದಾಟಿ, ಬಾಲದ ಕಡೆಗೆ ತಿರುಗಿತ್ತು. ಬಿಟ್ಟುಬಿಡಲಾ ಅಂತ ಕೇಳಿದೆ. "ಅದನ್ನೂ ಬರ್ಕೋ" ಅಂದರು ಮೇಡಂ.