ಹೇಳಿಕೊಂಡರೆ ಹಗುರ ಆಗುತ್ತಾ? ನನ್ನ ಅನುಭವ

"ಮನಸ್ಸಿನಲ್ಲಿ ಇಟ್ಕೋಬೇಡ, ಹೇಳ್ಕೊಂಡುಬಿಡು, ಹಗುರ ಆಗುತ್ತೆ." ಕಷ್ಟದಲ್ಲಿ ಇರುವವರಿಗೆ ನಾವೆಲ್ಲ ಮೊದಲು ಹೇಳುವ ಮಾತು ಇದೇ ಅಲ್ವಾ? ಆದರೆ ಯಾರ ಹತ್ತಿರ ಹೇಳಬೇಕು, ಎಷ್ಟು ಹೇಳಬೇಕು, ಹೇಳಿದ ಮೇಲೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ. ಅತ್ತೆಯವರನ್ನು ನೋಡಿಕೊಳ್ಳುತ್ತಾ ನಾನು ಅದನ್ನು ಸ್ವಲ್ಪ ಸ್ವಲ್ಪವಾಗಿ ಕಂಡುಕೊಂಡೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವ ಯಾರಿಗಾದರೂ ಇದರಲ್ಲಿ ಒಂದು ವಿಷಯ ಉಪಯೋಗಕ್ಕೆ ಬಂದರೂ ಸಾಕು ಅಂತ ಬರೆಯುತ್ತಿದ್ದೇನೆ.

ನಾವಿರುವುದು ದಾವಣಗೆರೆಯಲ್ಲಿ. ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು ನಿಂತುಹೋಯಿತು. ಮೆದುಳಿನ ಎಡಭಾಗಕ್ಕೆ ಪೆಟ್ಟು ಬಿದ್ದರೆ ದೇಹದ ಬಲಭಾಗದ ಜೊತೆಗೆ ಎಷ್ಟೋ ಸಲ ಮಾತೂ ಹೋಗುತ್ತದೆ. ಅವರಿಗೂ ಹಾಗೇ ಆಯಿತು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. "ಹೆಂಗೂ ನೀನು ಮನೇಲೇ ಇರ್ತೀಯಲ್ಲ" ಅಂದರು ಎಲ್ಲರೂ. ಅಲ್ಲಿಗೆ ತೀರ್ಮಾನ ಆಗಿಹೋಯಿತು.

ಈ ಕೆಲಸ ಮಾಡಿದವರಿಗೇ ಗೊತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿನ ಕೆಳಗೆ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ನೀರನ್ನು ಹಾಗೇ ಕುಡಿಸಿದರೆ ಶ್ವಾಸನಾಳಕ್ಕೆ ಹೋಗುವ ಭಯ, ಅದಕ್ಕೆ ಗಂಜಿಯ ಹದಕ್ಕೆ ತರಬೇಕು. ತಿನ್ನಿಸುವಾಗಲೂ, ತಿನ್ನಿಸಿ ಅರ್ಧ ಗಂಟೆವರೆಗೂ ಕೂರಿಸಿಯೇ ಇರಬೇಕು. ರಾತ್ರಿ ನಿದ್ದೆ ತುಂಡು ತುಂಡು. ಆದರೂ ಮೈಗೆ ಆದ ದಣಿವು ನನ್ನನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ನೋಡಲು ಬಂದವರ ಮಾತು. ಒಂದು ಗಂಟೆ ಕೂತು, ಕಾಫಿ ಕುಡಿದು, ಹೊರಡುವಾಗ ಬಾಗಿಲಲ್ಲಿ ನಿಂತು ನಾದಿನಿ ಅಂದರು: "ಎಷ್ಟು ಸೊರಗಿಬಿಟ್ಟಿದ್ದಾಳೆ ಅಮ್ಮ. ಹೊತ್ತಿಗೆ ಸರಿಯಾಗಿ ಊಟ ಕೊಡ್ತೀಯಾ?"

ಆ ಮಾತು ಎದೆಯಲ್ಲೇ ಕೂತುಬಿಟ್ಟಿತು. ಮೆಷಿನ್ ತುಳಿಯುವಾಗ ಅದೇ, ಪಾತ್ರೆ ತೊಳೆಯುವಾಗ ಅದೇ. ನನಗೊಬ್ಬಳು ಗೆಳತಿ ಇದ್ದಾಳೆ, ಶಾಲೆಯಿಂದ ಜೊತೆಗಿದ್ದವಳು. ದಿನಾ ಸಂಜೆ ಫೋನ್ ಮಾಡಿ ಅವಳ ಹತ್ತಿರ ಹೇಳಿಕೊಳ್ಳುತ್ತಿದ್ದೆ. ಅವಳೂ ಮನಸ್ಸಿಟ್ಟು ಕೇಳುತ್ತಿದ್ದಳು, ನನಗಿಂತ ಜಾಸ್ತಿ ಸಿಟ್ಟಾಗುತ್ತಿದ್ದಳು. ಫೋನ್ ಇಟ್ಟ ಮೇಲೆ ಒಂದು ವಿಷಯ ಗಮನಕ್ಕೆ ಬರತೊಡಗಿತು. ಅವಳ ಮೇಲಿನ ಪ್ರೀತಿ ಹೆಚ್ಚಾಗುತ್ತಿತ್ತು, ಎದೆಯ ಉರಿ ಮಾತ್ರ ಇಳಿಯುತ್ತಿರಲಿಲ್ಲ. ಹೇಳಿದಷ್ಟೂ ಸಲ ನಾದಿನಿ ಮತ್ತೆ ಬಂದು ಬಾಗಿಲಲ್ಲಿ ನಿಂತ ಹಾಗೆ ಆಗುತ್ತಿತ್ತು.

ಇದು ನನ್ನೊಬ್ಬಳ ಅನುಭವ ಅಲ್ಲ ಅಂತ ಓದಿದಾಗ ಸಮಾಧಾನ ಆಯಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್ಮನ್ 2002ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಸಿಟ್ಟು ಬಂದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ಸಿಟ್ಟು ತರಿಸಿದವರನ್ನೇ ನೆನೆಯುತ್ತಾ ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು. ಸುಮ್ಮನೆ ಕೂತವರಿಗಿಂತ ಅವರ ಸಿಟ್ಟೇ ಜಾಸ್ತಿ ಇತ್ತು. ಅದೇ ವರ್ಷ ಅಮಾಂಡಾ ರೋಸ್ ಅನ್ನುವವರು ಮಕ್ಕಳ ಗೆಳೆತನದ ಬಗ್ಗೆ ಅಧ್ಯಯನ ಪ್ರಕಟಿಸಿದರು. ಒಂದೇ ದುಃಖವನ್ನು ಇಬ್ಬರೂ ಸೇರಿ ಮತ್ತೆ ಮತ್ತೆ ಕೆದಕುವವರ ಗೆಳೆತನ ಗಟ್ಟಿಯಾಗಿರುತ್ತದೆ, ಜೊತೆಗೆ ಖಿನ್ನತೆ, ಆತಂಕದ ಲಕ್ಷಣಗಳೂ ಅವರಲ್ಲಿ ಜಾಸ್ತಿ ಇರುತ್ತವೆ ಅಂತ ಅದರಲ್ಲಿ ಕಂಡುಬಂತು.

ಅದಕ್ಕೇ ಅಂತ ಗೆಳತಿಯ ಜೊತೆ ಮಾತು ಬಿಡಲಿಲ್ಲ. ಇಬ್ಬರೂ ಕೂತು ಒಂದು ಒಪ್ಪಂದ ಮಾಡಿಕೊಂಡೆವು. ನಾನು ಶುರು ಮಾಡುವ ಮೊದಲು ಅವಳು ಕೇಳುತ್ತಾಳೆ: "ಸುಮ್ನೆ ಕೇಳಿಸ್ಕೊಳ್ಳಲಾ, ಏನಾದ್ರೂ ಹೇಳಲಾ?" ಒಂದು ಘಟನೆಯನ್ನು ಒಂದೇ ಸಲ ಹೇಳಬೇಕು. ಮುಗಿದ ಮೇಲೆ ಅವಳು ಇನ್ನೊಂದು ಪ್ರಶ್ನೆ ಕೇಳುತ್ತಾಳೆ: "ಈಗ ನಿನಗೆ ಏನು ಬೇಕು?" ಮೊದಮೊದಲು ಇದಕ್ಕೆ ನನ್ನ ಹತ್ತಿರ ಉತ್ತರವೇ ಇರುತ್ತಿರಲಿಲ್ಲ. ಏನು ಬೇಕು ಅಂತ ಯಾರೂ ಕೇಳಿರಲಿಲ್ಲವಲ್ಲ. ಆಮೇಲೆ ಅವಳ ಮನೆಯ ಸುದ್ದಿ ನಾನು ಕೇಳುತ್ತೇನೆ. ಅವಳಿಗೂ ಭಾರಗಳಿವೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕೈ ಹಿಡಿದದ್ದು ಬರವಣಿಗೆ. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ ಅನ್ನುವವರು 1986ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಮೂಲ. ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ದೊಡ್ಡ ನೋವಿನ ಬಗ್ಗೆ ಬರೆದರು. ನಡೆದದ್ದನ್ನೂ ಆಗ ಅನ್ನಿಸಿದ್ದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಹೋದದ್ದು ಕಡಿಮೆ. ಕಾಗುಣಿತ, ವ್ಯಾಕರಣ ಯಾವುದೂ ಮುಖ್ಯವಲ್ಲ. ಯಾರಿಗೂ ತೋರಿಸಬೇಕಾಗಿಲ್ಲ.

ನಾನು ಅಳತೆ ಬರೆದುಕೊಳ್ಳುವ ಪುಸ್ತಕದ ಹಿಂಬದಿಯಿಂದ ಶುರು ಮಾಡಿದೆ. ಮಧ್ಯಾಹ್ನ ಅತ್ತೆ ನಿದ್ದೆಗೆ ಜಾರಿದ ಮೇಲೆ ಮೊಬೈಲ್‌ನಲ್ಲಿ 15 ನಿಮಿಷಕ್ಕೆ ಅಲಾರಾಂ ಇಟ್ಟು ಬರೆಯುತ್ತೇನೆ. ಏನಾಯಿತು, ಯಾರು ಏನಂದರು, ಆಗ ಮೈಯಲ್ಲಿ ಎಲ್ಲಿ ಏನಾಯಿತು, ನನಗೆ ಏನು ಹೇಳಬೇಕಿತ್ತು. ಗಂಟಲು ಕಟ್ಟಿತ್ತು ಅಂದರೆ ಅದನ್ನೂ ಬರೆಯುತ್ತೇನೆ. ಅಲಾರಾಂ ಹೊಡೆದ ಕೂಡಲೇ ನಿಲ್ಲಿಸಿ ಎದ್ದು ಮುಖ ತೊಳೆದುಕೊಳ್ಳುತ್ತೇನೆ. ಕೆಲವು ಹಾಳೆ ಹರಿದು ಒಲೆಗೆ ಹಾಕಿದ್ದೇನೆ, ಕೆಲವು ಇಟ್ಟುಕೊಂಡಿದ್ದೇನೆ. ಬರೆದ ಕೂಡಲೇ ಮನಸ್ಸು ಇನ್ನಷ್ಟು ಕೆಡುತ್ತದೆ, ಅಳು ಬರುತ್ತದೆ. ಅದು ಸಾಮಾನ್ಯ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಆದರೆ ಬರೆಯಲು ಕೂತಾಗ ತೀರಾ ತಡೆದುಕೊಳ್ಳಲು ಆಗುತ್ತಿಲ್ಲ ಅನ್ನಿಸಿದರೆ ಆ ವಿಷಯ ಅಲ್ಲಿಗೇ ಬಿಡಬೇಕು. ಪೆನ್ನೆಬೇಕರ್ ಹೇಳುವುದೂ ಅದನ್ನೇ.

ಮೊದಲ ಹಾಳೆಗಳಲ್ಲಿ ಅವರು ಹಾಗಂದರು, ಇವರು ಹೀಗಂದರು ಅಷ್ಟೇ ಇದೆ. ಬರೆಯುತ್ತಾ ಬರೆಯುತ್ತಾ ಕಾರಣ ಹೊರಗೆ ಬಂತು. ನಾದಿನಿಯ ಮಾತು ಅಷ್ಟು ಚುಚ್ಚಿದ್ದು ಯಾಕೆ? ಅತ್ತೆ ನಿಜವಾಗಿಯೂ ಸೊರಗುತ್ತಿದ್ದರು. ನನ್ನ ಆರೈಕೆ ಸಾಲುತ್ತಿಲ್ಲವೇನೋ ಅನ್ನುವ ಭಯ ನನ್ನೊಳಗೇ ಇತ್ತು. ಅದು ಕಾಗದದ ಮೇಲೆ ಕಂಡಾಗ ಮೈ ನಡುಗಿತು. ಆದರೆ ಭಯಕ್ಕೆ ಮಾಡಲು ಒಂದು ಕೆಲಸ ಸಿಕ್ಕಿತು. ವಾರಕ್ಕೊಮ್ಮೆ ನನ್ನ ಟೇಪಿನಲ್ಲಿ ಅತ್ತೆಯ ಎರಡೂ ತೋಳಿನ ಸುತ್ತಳತೆ ತೆಗೆದು ಬರೆದಿಟ್ಟೆ. ತಿಂದದ್ದನ್ನೂ ಬರೆದೆ. ಬಲತೋಳು ಇಳಿಯುತ್ತಿತ್ತು, ಎಡತೋಳು ಹೆಚ್ಚು ಕಡಿಮೆ ಹಾಗೇ ಇತ್ತು. ಫಿಸಿಯೋಥೆರಪಿಯವರಿಗೆ ತೋರಿಸಿದೆ. ಅಲ್ಲಾಡದ ಕೈಕಾಲಿನ ಸ್ನಾಯು ಕರಗುತ್ತದೆ, ಊಟದ್ದಲ್ಲ ಇದು, ಆದರೂ ಬೇಳೆ, ಮೊಟ್ಟೆ ಸ್ವಲ್ಪ ಜಾಸ್ತಿ ಕೊಡಿ ಅಂದರು. ಆವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮನಸ್ಸು ಹಗುರ ಮಾಡಿಕೊಳ್ಳುವ ಈ ಕೆಲಸವನ್ನು ನಮ್ಮ ಹಿಂದಿನವರು ಬೀಸುವ ಕಲ್ಲಿನ ಮುಂದೆ ಮಾಡುತ್ತಿದ್ದರು ಅನ್ನಿಸುತ್ತದೆ. ಹಿಟ್ಟಿನ ಗಿರಣಿ ಬರುವ ಮೊದಲು ಬೆಳಗಿನ ಜಾವ ಎದ್ದು ಜೋಳ, ರಾಗಿ ಬೀಸುತ್ತಾ ಹಾಡುತ್ತಿದ್ದ ಆ ತ್ರಿಪದಿಗಳಲ್ಲಿ ತವರಿನ ನೆನಪು, ಅತ್ತೆ ಮನೆಯ ಸಂಕಟ, ಮಕ್ಕಳಿಲ್ಲದ ದುಃಖ ಎಲ್ಲಾ ಇವೆ. ಕೈಗೆ ಕೆಲಸ, ಬಾಯಿಗೆ ಲಯ, ಹಿಟ್ಟು ಮುಗಿದರೆ ಹಾಡೂ ಮುಗಿಯಿತು. ನಮ್ಮ ಅತ್ತೆಗೂ ಅವು ಬರುತ್ತಿದ್ದವು. ಒಂದು ದಿನ ತಲೆ ಬಾಚುವಾಗ ನನಗೆ ಗೊತ್ತಿದ್ದ ಒಂದು ಪದ ಗುನುಗಿದೆ. ನೀರು ಬೇಕು ಅಂತ ಹೇಳಲಾಗದ ಅತ್ತೆ ಮುಂದಿನ ಸಾಲನ್ನು ರಾಗವಾಗಿ ಹಾಡಿದರು! ಮಾತು ಹೋದ ಕೆಲವರಿಗೆ ಹಾಡು ಉಳಿದಿರುತ್ತದೆ, ಅದನ್ನೇ ಹಿಡಿದು ಮಾತು ಕಲಿಸುವ ಚಿಕಿತ್ಸೆಯೂ ಇದೆ ಅಂತ ಆಮೇಲೆ ತಿಳಿಯಿತು. ಈಗ ದಿನಾ ಇಬ್ಬರೂ ಹಾಡುತ್ತೇವೆ. ಇಷ್ಟು ದಿನ ಸಂಕಟ ನನಗೊಬ್ಬಳಿಗೇ ಅಂದುಕೊಂಡಿರುತ್ತಿದ್ದೆ. ಹೇಳಿಕೊಳ್ಳಲೂ ಆಗದ ಜೀವ ಪಕ್ಕದಲ್ಲೇ ಇತ್ತು.

ಇಷ್ಟೆಲ್ಲ ಮಾಡಿದರೂ ಸಾಲದ ಹೊತ್ತು ಬರುತ್ತದೆ. ಚಳಿಗಾಲದಲ್ಲಿ ನನಗೆ ನಿದ್ದೆ ಪೂರ್ತಿ ಹೋಯಿತು, ಊಟ ಸೇರುತ್ತಿರಲಿಲ್ಲ, ಬೆಳಗಾಗುವುದೇ ಬೇಡ ಅನ್ನಿಸುತ್ತಿತ್ತು. ಆಗ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ನಿದ್ದೆ, ಊಟ, ಜೀವ ಬೇಡ ಅನ್ನಿಸುತ್ತಾ ಎಲ್ಲಾ ನೇರವಾಗಿ ಕೇಳಿದರು. ಆಮೇಲೆ ವೈದ್ಯರನ್ನು ಕಂಡೆ, ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ. ಬೇಸರ, ನಿದ್ದೆಯಿಲ್ಲದಿರುವುದು ಎರಡು ವಾರ ಬಿಡದೆ ಇದ್ದರೆ ಗೆಳತಿಯ ಫೋನು, ಪುಸ್ತಕ ನಂಬಿಕೊಂಡು ಕೂರಬೇಡಿ. ಸಾಯಬೇಕು ಅನ್ನಿಸಿದರಂತೂ ಒಂದು ದಿನವೂ ಕಾಯಬೇಡಿ, ಆವತ್ತೇ ಫೋನ್ ಮಾಡಿ. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗದಿಂದ. ಅಲ್ಲಿಗೆ ಹೋಗಲು ನಾಚಿಕೆ ಯಾಕೆ?

ಗೆಳತಿಯ "ಏನು ಬೇಕು" ಅನ್ನುವ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಿತು. ನನಗೆ ಬೇಕಿದ್ದದ್ದು ವಾರಕ್ಕೆ ಆರು ಗಂಟೆ ಬಿಡುವು. "ಯಾರೂ ಸಹಾಯ ಮಾಡಲ್ಲ" ಅಂದರೆ ಜಗಳ ಆಗುತ್ತದೆ. ಅದಕ್ಕೆ "ಭಾನುವಾರ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಯಾರು ಇರ್ತೀರಿ?" ಅಂತ ಕುಟುಂಬದ ಗುಂಪಿನಲ್ಲಿ ಬರೆದೆ. ಮೈದುನ ಎರಡು ವಾರಕ್ಕೊಮ್ಮೆ ಬರುತ್ತಾನೆ. ಇನ್ನೊಬ್ಬರು ದುಡ್ಡು ಕಳಿಸುತ್ತಾರೆ, ಅದರಲ್ಲಿ ಗಾಳಿ ಹಾಸಿಗೆ ತಂದೆವು. ನನ್ನ ಗಂಡ ರಾತ್ರಿಯ ಒಂದು ಸರದಿ ತೆಗೆದುಕೊಂಡಿದ್ದಾರೆ. ನಾದಿನಿಗೆ ಸಿಟ್ಟು ಬಂದು ಎಷ್ಟೋ ದಿನ ಫೋನ್ ಮಾಡಲಿಲ್ಲ. ಅವರ ಆ ಮಾತನ್ನು ನಾನಿನ್ನೂ ಮರೆತಿಲ್ಲ, ನೆನಪಾದರೆ ಈಗಲೂ ನೋವಾಗುತ್ತದೆ. ಮೊನ್ನೆ ಅವರೇ ಫೋನ್ ಮಾಡಿ ಮುಂದಿನ ಭಾನುವಾರ ಬರುತ್ತೇನೆ ಅಂದಿದ್ದಾರೆ. ಗಂಜಿ ಯಾವ ಹದಕ್ಕೆ ಇರಬೇಕು, ಬೆನ್ನು ನೋಯದ ಹಾಗೆ ಮಗ್ಗುಲು ಹೇಗೆ ಬದಲಿಸಬೇಕು ಅಂತ ಅವರಿಗೆ ತೋರಿಸಿಕೊಡುತ್ತೇನೆ.